ಕೊಳಗದಿಂದ ಗೇಜಿನವರೆಗೆ: ಶಾಸನಸಭೆಯ ಪ್ರಶ್ನೆ ಮತ್ತು ಅಳತೆಯ ನ್ಯಾಯ

1

ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ಸೀಮೆಗಳ ನಡುವೆ ಇರುವ ಬಳಗಾನೂರು ಪರಿಸರದ ಅತ್ಯಂತ ಪ್ರಾಚೀನ ಲಿಖಿತ ಸಾಕ್ಷ್ಯವೆಂದರೆ ಮಸ್ಕಿಯ ಬಂಡೆಯ ಮೇಲಿರುವ ಅಶೋಕನ ಶಾಸನ. 1915ರಲ್ಲಿ ಬೆಳಕಿಗೆ ಬಂದ ಈ ಶಾಸನವು ‘ದೇವಾನಾಂಪ್ರಿಯ’ ಎಂಬ ಬಿರುದಿನೊಡನೆ ಅಶೋಕನ ಹೆಸರನ್ನೂ ಹೇಳುವುದರಿಂದ ಭಾರತೀಯ ಚರಿತ್ರೆಯಲ್ಲಿ ವಿಶೇಷ ಸ್ಥಾನ ಪಡೆದಿದೆ. ಧರ್ಮದಲ್ಲಿ ತೊಡಗಿದರೆ ಸಣ್ಣವನೂ ಉನ್ನತಿಯನ್ನು ಪಡೆಯಬಲ್ಲನೆಂಬುದು ಅದರ ಆಶಯ. ಆಶಯವು ಉದಾತ್ತವಾದರೂ ಮಾತಿನ ದಿಕ್ಕು ಒಂದೇ: ದೊರೆ ಹೇಳುತ್ತಾನೆ, ಪ್ರಜೆ ಕೇಳುತ್ತಾನೆ. ಕನ್ನಡದ ‘ಕೇಳು’ ಎಂಬ ಧಾತುವಿಗೆ ಆಲಿಸು, ಪ್ರಶ್ನಿಸು, ಬೇಡು ಎಂಬ ಮೂರು ಅರ್ಥಗಳೂ ಉಂಟು. ಆಲಿಸುತ್ತಿದ್ದ ಮತ್ತು ಬೇಡುತ್ತಿದ್ದ ಪ್ರಜೆಯು ಪ್ರಶ್ನಿಸುವವನಾದ ಬಗೆಯೇ ನಮ್ಮ ರಾಜಕೀಯ ಚರಿತ್ರೆಯ ಮುಖ್ಯ ಅಧ್ಯಾಯ. ಆ ಅಧ್ಯಾಯದಲ್ಲಿ ವಿರೋಧಪಕ್ಷದ ಶಾಸಕನ ಪಾತ್ರವೇನು ಎಂಬುದನ್ನು ಮಲೆನಾಡಿನ ಕಾಗೋಡು ಮತ್ತು ತುಂಗಭದ್ರೆಯ ಎಡದಂಡೆ ಎಂಬ ಎರಡು ನೆಲೆಗಳ ಮೂಲಕ ಇಲ್ಲಿ ಪರಿಶೀಲಿಸಲಾಗಿದೆ.

2

ಮೈಸೂರು ಸಂಸ್ಥಾನದಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, ಪ್ರಜಾಪ್ರತಿನಿಧಿ ಸಭೆ ಆರಂಭವಾಯಿತು. ದಸರಾ ಸಂದರ್ಭದಲ್ಲಿ ಸೇರುತ್ತಿದ್ದ ಈ ಸಭೆಯಲ್ಲಿ ದಿವಾನರು ಆಡಳಿತದ ವರದಿಯನ್ನು ಓದುತ್ತಿದ್ದರು. ಸದಸ್ಯರು ತಮ್ಮ ಪ್ರದೇಶದ ಕುಂದುಕೊರತೆಗಳನ್ನು ನಿವೇದಿಸುತ್ತಿದ್ದರು. ನಿವೇದನೆಯು ಪ್ರಶ್ನೆಯಲ್ಲ, ಅದಕ್ಕೆ ಉತ್ತರಿಸಲೇಬೇಕೆಂಬ ನಿರ್ಬಂಧ ಆಳುವವರಿಗೆ ಇರಲಿಲ್ಲ. 1907ರಲ್ಲಿ ನ್ಯಾಯವಿಧಾಯಕ ಸಭೆಯು ಸ್ಥಾಪನೆಗೊಂಡು, 1923ರ ಸುಧಾರಣೆಗಳಿಂದ ಪ್ರಜಾಪ್ರತಿನಿಧಿ ಸಭೆಗೂ ಶಾಸನಬದ್ಧ ಸ್ಥಾನ ದೊರೆತ ಮೇಲೆ ನಿವೇದನೆಯು ಕ್ರಮೇಣ ಪ್ರಶ್ನೆಯ ರೂಪ ತಾಳಿತು.

ರಾಯಚೂರು ಸೀಮೆಯ ಸ್ಥಿತಿ ಇದಕ್ಕಿಂತ ಭಿನ್ನವಾಗಿತ್ತು. ನಿಜಾಮನ ಆಳ್ವಿಕೆಯಲ್ಲಿ ಜನರಿಗೆ ಹೊಣೆಯಾದ ಸರ್ಕಾರವೆಂಬುದು ಇರಲಿಲ್ಲ. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ತರುವಾಯ, 1952ರ ಮಹಾಚುನಾವಣೆಯಲ್ಲಿ ಮಾತ್ರ ಇಲ್ಲಿನ ಜನ ಹೈದರಾಬಾದು ವಿಧಾನಸಭೆಗೆ ತಮ್ಮ ಪ್ರತಿನಿಧಿಗಳನ್ನು ಆರಿಸಿ ಕಳುಹಿಸಿದರು. 1956ರ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣೆಯಾದ ಮೇಲೆ ಇವರ ಪ್ರಶ್ನೆಗಳು ಬೆಂಗಳೂರಿನ ದಾರಿ ಹಿಡಿದವು.

ಆದರೆ ಶಾಸನಸಭೆ ಬರುವ ಮುಂಚೆ ಈ ಜನಕ್ಕೆ ಪ್ರಶ್ನಿಸುವ ಪದ್ಧತಿಯೇ ತಿಳಿದಿರಲಿಲ್ಲವೆಂದು ಭಾವಿಸುವುದು ಸರಿಯಲ್ಲ. ಊರಕಟ್ಟೆಯ ಮೇಲೆ ಹಿರಿಯರ ಎದುರು ವಾದಿ-ಪ್ರತಿವಾದಿಗಳು ಮಾತಿಗೆ ಮಾತು ಕೊಡುವ ಕ್ರಮವಿತ್ತು. ಉತ್ತರ ಕರ್ನಾಟಕದ ಗೀಗೀ ಮೇಳಗಳಲ್ಲಿ ಹರದೇಶಿ ಮತ್ತು ನಾಗೇಶಿ ಪಕ್ಷಗಳು ರಾತ್ರಿಯಿಡೀ ನಡೆಸುವ ಸವಾಲ್-ಜವಾಬು ಪ್ರಸಿದ್ಧವಾದುದು. ಅಲ್ಲಿ ಒಂದು ಪಕ್ಷ ಒಡ್ಡಿದ ಸವಾಲಿಗೆ ಇನ್ನೊಂದು ಪಕ್ಷ ಅದೇ ವೇದಿಕೆಯಲ್ಲಿ, ಅದೇ ಜನರೆದುರು ಜವಾಬು ಹೇಳಬೇಕು. ಹೇಳದಿದ್ದರೆ ಸೋತಂತೆ. ಸವಾಲನ್ನು ಮರೆಸಿ ಬೇರೆ ಹಾಡು ಹಿಡಿದರೆ ಸಭೆ ಸುಮ್ಮನಿರುವುದಿಲ್ಲ. ಹರಕೆ ಹೊತ್ತರೂ ಮಳೆ ಬಾರದಿದ್ದಾಗ ದೇವರನ್ನೇ ಬೈದು ಕೇಳುವ ಪದಗಳೂ ಜನಪದದಲ್ಲಿವೆ. ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ವಿಧಾನಸೌಧದ ಮುಂಭಾಗದಲ್ಲಿ ಬರೆಯಿಸಲಾಗಿದೆ. ದೇವರನ್ನೇ ಕೇಳುವ ಜನರು ದೇವರ ಕೆಲಸವನ್ನು ಕೇಳದೆ ಬಿಡುವುದಿಲ್ಲವೆಂಬುದನ್ನು ಮುಂದಿನ ಚರಿತ್ರೆ ತೋರಿಸಿಕೊಟ್ಟಿತು.

3

ಸ್ವಾತಂತ್ರ್ಯೋತ್ತರ ಕರ್ನಾಟಕದಲ್ಲಿ ವಿರೋಧಪಕ್ಷದ ಶಾಸಕನೆಂಬ ಕಲ್ಪನೆಗೆ ಒಂದು ಆಕಾರ ಕೊಟ್ಟವರಲ್ಲಿ ಶಾಂತವೇರಿ ಗೋಪಾಲಗೌಡರು (1923–1972) ಪ್ರಮುಖರು. ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ ಹುಟ್ಟಿದ ಅವರು 1942ರ ಚಳವಳಿಯಲ್ಲಿ ಸೆರೆಮನೆ ಕಂಡು, ಬಳಿಕ ಸಮಾಜವಾದಿ ಪಕ್ಷದ ಸಂಘಟಕರಾದರು. ಅವರನ್ನು ಶಾಸನಸಭೆಗೆ ತಂದ ಹಿನ್ನೆಲೆಯೆಂದರೆ ಸಾಗರ ತಾಲ್ಲೂಕಿನ ಕಾಗೋಡು ಗ್ರಾಮದ ಗೇಣಿದಾರರ ಸತ್ಯಾಗ್ರಹ.

ಕಾಗೋಡಿನ ವಿವಾದವು ಮೂಲತಃ ಒಂದು ಅಳತೆಯ ವಿವಾದ. ಭೂಮಾಲೀಕರು ಗೇಣಿ ಭತ್ತವನ್ನು ಅಳೆದುಕೊಳ್ಳುವಾಗ ರೂಢಿಯದಕ್ಕಿಂತ ದೊಡ್ಡ ಕೊಳಗವನ್ನು ಬಳಸುತ್ತಾರೆಂಬುದು ಗೇಣಿದಾರರ ದೂರು. ಲೆಕ್ಕದಲ್ಲಿ ಕೊಳಗಗಳ ಸಂಖ್ಯೆ ಒಂದೇ. ಕಣದಿಂದ ಹೋಗುವ ಭತ್ತ ಮಾತ್ರ ಹೆಚ್ಚು. 1948ರಲ್ಲಿ ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಸ್ಥಾಪಿತವಾದ ಸಾಗರ ತಾಲ್ಲೂಕು ರೈತ ಸಂಘವು ಈ ಪ್ರಶ್ನೆಯನ್ನು ಎತ್ತಿಕೊಂಡಿತು. ಮಾಲೀಕರು ಗೇಣಿದಾರರನ್ನು ಭೂಮಿಯಿಂದ ಬಿಡಿಸಲು ಮುಂದಾದಾಗ, 1951ರ ಏಪ್ರಿಲ್‌ನಲ್ಲಿ ರೈತರು ಉಳುವ ಸತ್ಯಾಗ್ರಹಕ್ಕೆ ಇಳಿದರು. ಸಮಾಜವಾದಿ ಪಕ್ಷ ಬೆಂಬಲಕ್ಕೆ ನಿಂತಿತು. ಅದೇ ವರ್ಷದ ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಅವರು ಕಾಗೋಡಿಗೆ ಬಂದು ಬಂಧನಕ್ಕೊಳಗಾದರು.

1952ರಲ್ಲಿ ಗೋಪಾಲಗೌಡರು ಸಾಗರ-ಹೊಸನಗರ ಕ್ಷೇತ್ರದಿಂದ ಮೈಸೂರು ವಿಧಾನಸಭೆಗೆ ಆಯ್ಕೆಯಾದರು. 99 ಸ್ಥಾನಗಳ ಆ ಸಭೆಯಲ್ಲಿ ಕಾಂಗ್ರೆಸ್ 74 ಸ್ಥಾನ ಪಡೆದಿದ್ದರೆ ಸಮಾಜವಾದಿಗಳು ಮೂವರೇ ಇದ್ದರು. ಮತಕ್ಕೆ ಹಾಕಿದರೆ ಮೂರು ಜನರಿಂದ ಏನೂ ಸಾಗುವಂತಿರಲಿಲ್ಲ. ಅವರಿಗೆ ಉಳಿದಿದ್ದ ಸಾಧನ ಪ್ರಶ್ನೆ ಮಾತ್ರ. ಎಷ್ಟೇ ಬಹುಮತವಿದ್ದರೂ ಮಂತ್ರಿಯು ಎದ್ದುನಿಂತು ಉತ್ತರ ಹೇಳಬೇಕು. ಹೇಳಿದ್ದು ಕಡತದಲ್ಲಿ ಉಳಿಯಬೇಕು. ಗೇಣಿದಾರನ ಹಕ್ಕು, ಉಳುವವನಿಗೆ ಭೂಮಿ, ಕರ್ನಾಟಕದ ಏಕೀಕರಣ, ಆಡಳಿತದಲ್ಲಿ ಕನ್ನಡ, ರಾಜ್ಯಕ್ಕೆ ‘ಕರ್ನಾಟಕ’ ಎಂಬ ಹೆಸರು – ಗೋಪಾಲಗೌಡರ ರಾಜಕೀಯ ಜೀವನವು ಈ ವಿಷಯಗಳ ಸುತ್ತಲೇ ಬೆಳೆಯಿತು. ಆಗ ಕಂದಾಯ ಖಾತೆಯನ್ನು ಹೊಂದಿದ್ದ ಕಡಿದಾಳ್ ಮಂಜಪ್ಪನವರೂ ತೀರ್ಥಹಳ್ಳಿ ತಾಲ್ಲೂಕಿನವರೇ ಎಂಬುದು ಇಲ್ಲಿ ಗಮನಾರ್ಹ. ಗೇಣಿ ಮತ್ತು ಇನಾಂ ರದ್ದತಿ ಕುರಿತ ಶಾಸನಗಳಿಗೆ ಮಂಜಪ್ಪನವರ ಹೆಸರು ಅಂಟಿಕೊಂಡಿದೆ. ಒಂದೇ ನೆಲದ ಒಬ್ಬರು ಉತ್ತರಿಸುವ ಸ್ಥಾನದಲ್ಲಿಯೂ ಇನ್ನೊಬ್ಬರು ಪ್ರಶ್ನಿಸುವ ಸ್ಥಾನದಲ್ಲಿಯೂ ಇದ್ದುದರಿಂದ, ಕೊಳಗವೆಂದರೇನೆಂದು ಯಾರಿಗೂ ವಿವರಿಸಬೇಕಾಗಿರಲಿಲ್ಲ. ಕೇಳುವವನ ಭಾಷೆಯನ್ನು ಉತ್ತರಿಸುವವನೂ ಬಲ್ಲವನಾಗಿದ್ದರೆ ಪ್ರಶ್ನೆ ಹರಿತವಾಗುತ್ತದೆ.

ಗೋಪಾಲಗೌಡರು 1957ರಲ್ಲಿ ಸೋತರು. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ಅವರು ಸಭೆಯಲ್ಲಿಲ್ಲದ ಅವಧಿಯಲ್ಲಿ 1961ರ ಭೂಸುಧಾರಣಾ ಕಾಯಿದೆ ರೂಪುಗೊಂಡಿತು. 1965ರಲ್ಲಿ ಜಾರಿಗೆ ಬಂತು. ಸ್ವಂತ ಸಾಗುವಳಿಯ ಹೆಸರಿನಲ್ಲಿ ಮಾಲೀಕರು ಭೂಮಿಯನ್ನು ಮರಳಿ ಪಡೆಯುವ ಅವಕಾಶ ಅದರಲ್ಲಿ ಉಳಿದಿತ್ತು. ಗೋಪಾಲಗೌಡರು 1972ರ ಜೂನ್ 9ರಂದು ನಿಧನರಾದರು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಯಿತು. ದೇವರಾಜ ಅರಸು ಅವರ ಸರ್ಕಾರ ತಂದ ತಿದ್ದುಪಡಿಯಿಂದ 1974ರ ಮಾರ್ಚ್ 1ರಿಂದ ಗೇಣಿಯ ಭೂಮಿ ಸರ್ಕಾರದಲ್ಲಿ ನಿಹಿತವಾಗಿ, ಗೇಣಿದಾರನು ಭೂನ್ಯಾಯಮಂಡಳಿಯ ಮುಂದೆ ಅರ್ಜಿ ಹಾಕಿ ಒಡೆತನ ಪಡೆಯುವಂತಾಯಿತು. 1951ರಲ್ಲಿ ಕಣದಲ್ಲಿ ಎದ್ದ ಪ್ರಶ್ನೆಗೆ ಸರ್ಕಾರದ ಸ್ಪಷ್ಟ ಉತ್ತರ ಬರಲು ಇಪ್ಪತ್ತಮೂರು ವರ್ಷ ಹಿಡಿಯಿತು. ಪ್ರಶ್ನಿಸಿದಾತ ಅದನ್ನು ಕೇಳಲು ಉಳಿದಿರಲಿಲ್ಲ. ಉತ್ತರ ಕೊಟ್ಟದ್ದೂ ಅವರ ಪಕ್ಷದ ಸರ್ಕಾರವಲ್ಲ. ವಿರೋಧಪಕ್ಷದ ದುಡಿಮೆಯ ಸ್ವರೂಪವೇ ಇಂಥದು: ಫಲ ಬೇರೆಯವರ ಕೈಯಿಂದ, ಬೇರೆಯವರ ಕಾಲದಲ್ಲಿ ಬರುತ್ತದೆ.

4

ಕಾಗೋಡಿನಲ್ಲಿ ಕೊಳಗ ಪಡೆದಿದ್ದ ಸ್ಥಾನವನ್ನು ತುಂಗಭದ್ರೆಯ ಎಡದಂಡೆಯಲ್ಲಿ ಗೇಜು ಪಡೆದಿದೆ. 1945ರಲ್ಲಿ ಹೈದರಾಬಾದು ಮತ್ತು ಮದ್ರಾಸು ಸರ್ಕಾರಗಳ ಜಂಟಿ ಯೋಜನೆಯಾಗಿ ಅಡಿಗಲ್ಲು ಕಂಡ ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ಕಾಲುವೆಗಳಿಗೆ ನೀರು ಹರಿಯಿತು. ಎಡದಂಡೆ ಮುಖ್ಯ ಕಾಲುವೆಯು 227 ಕಿಲೋಮೀಟರ್ ಉದ್ದವಿದ್ದು ಗಂಗಾವತಿ, ಸಿಂಧನೂರು, ಮಾನ್ವಿ ಸೀಮೆಗಳನ್ನು ಹಾದು ರಾಯಚೂರಿನತ್ತ ಸಾಗುತ್ತದೆ. ಬರಗಾಲಕ್ಕೆ ತುತ್ತಾಗುತ್ತಿದ್ದ ವಿಸ್ತಾರವಾದ ಎರೆಭೂಮಿಗೆ ತೆಳುವಾಗಿ ನೀರು ಹಂಚುವುದು ಯೋಜನೆಯ ಮೂಲ ಉದ್ದೇಶ. ಜೋಳ, ಹತ್ತಿ, ಶೇಂಗಾ ಮುಂತಾದ ಅರೆ ನೀರಾವರಿ ಬೆಳೆಗಳಿಗೆ ಹೆಚ್ಚಿನ ಭೂಮಿಯನ್ನು ಗೊತ್ತುಪಡಿಸಿ, ಭತ್ತವನ್ನು ಮಿತಗೊಳಿಸಲಾಗಿತ್ತು.

ಆದದ್ದು ಬೇರೆ. ಕರಾವಳಿ ಆಂಧ್ರದಿಂದ ಬಂದ ರೈತರು ಕಾಲುವೆಯ ಬದಿಯಲ್ಲಿ ಭೂಮಿ ಕೊಂಡು ನೆಲೆಸಿದ ‘ಕ್ಯಾಂಪು’ಗಳಲ್ಲಿ ಭತ್ತದ ಬೇಸಾಯ ಬೇರೂರಿತು, ಸ್ಥಳೀಯ ರೈತರೂ ಅದನ್ನು ಅನುಸರಿಸಿದರು. ಲಾಭದ ಬೆಳೆಯನ್ನು ಬಿಡೆಂದು ಯಾರಿಗೂ ಹೇಳಲಾಗಲಿಲ್ಲ. ಮೇಲ್ಭಾಗದಲ್ಲಿ ಬೆಳೆಪದ್ಧತಿಯ ಉಲ್ಲಂಘನೆ ಮತ್ತು ಅಕ್ರಮ ನೀರಾವರಿ ಹೆಚ್ಚಿದಂತೆ ಕೊನೆಭಾಗದ ಹೊಲಗಳಿಗೆ ನೀರು ತಲುಪದಾಯಿತು. ಇದರ ಜೊತೆಗೆ ಜಲಾಶಯದಲ್ಲಿ ಹೂಳು ತುಂಬಿ, ಸುಮಾರು 133 ಟಿಎಂಸಿಯಷ್ಟಿದ್ದ ಸಂಗ್ರಹ ಸಾಮರ್ಥ್ಯ ಸುಮಾರು 105 ಟಿಎಂಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಕ್ರಸ್ಟ್ ಗೇಟು ಕೊಚ್ಚಿಹೋದಾಗ ಈ ಸೀಮೆಯ ಬದುಕು ಎಷ್ಟು ತೆಳುವಾದ ಸರಪಳಿಗೆ ಜೋತುಬಿದ್ದಿದೆ ಎಂಬುದು ನಾಡಿಗೇ ತಿಳಿಯಿತು.

ಈ ಹಿನ್ನೆಲೆಯಲ್ಲಿ ರೈತರ ಆಡುಮಾತಿನಲ್ಲಿ ಹೊಸದೊಂದು ಪದಕೋಶ ಬೆಳೆದಿದೆ. ‘69ನೇ ಮೈಲು’, ‘104ನೇ ಮೈಲು’ ಎಂಬುವು ಇಲ್ಲಿ ದೂರದ ಲೆಕ್ಕಗಳಲ್ಲ, ಹಕ್ಕಿನ ಗುರುತುಗಳು. ಆ ಮೈಲುಗಳಲ್ಲಿ ಇಷ್ಟು ಅಡಿ ಗೇಜು ಇದ್ದರೆ ಮಾತ್ರ ಕೆಳಗಿನ ವಿತರಣಾ ಕಾಲುವೆಗಳಿಗೆ ನೀರು ಏರುತ್ತದೆ. ಧರಣಿಗಳಲ್ಲಿ ಕೇಳಿಬರುವ ಬೇಡಿಕೆಯೂ ಇದೇ: ಗೇಜು ಕಾಯ್ದುಕೊಳ್ಳಿರಿ. ಮುನಿರಾಬಾದಿನಲ್ಲಿ ಸೇರುವ ನೀರಾವರಿ ಸಲಹಾ ಸಮಿತಿಯಲ್ಲಿ ನೀರು ಬಿಡುವ ದಿನ ಮತ್ತು ಪ್ರಮಾಣ ತೀರ್ಮಾನವಾಗುತ್ತವೆ. ಆ ಭಾಗದ ಶಾಸಕರಿಗೂ ಅಲ್ಲಿ ಸ್ಥಾನವುಂಟು. ತೀರ್ಮಾನವಾದ ನೀರು ತೂಬಿಗೆ ಬಾರದಿದ್ದಾಗ ವಿಷಯ ಸದನವನ್ನು ಮುಟ್ಟುತ್ತದೆ.

ಕಾಲುವೆಯೇ ಇಲ್ಲದವರ ಪ್ರಶ್ನೆ ಇನ್ನೊಂದು ಬಗೆಯದು. ಮಸ್ಕಿ ಭಾಗದ ಮಳೆಯಾಶ್ರಿತ ಹಳ್ಳಿಗಳ ರೈತರು ನಾರಾಯಣಪುರ ಬಲದಂಡೆಯ 5ಎ ಶಾಖಾ ಕಾಲುವೆಗಾಗಿ 2020ರ ನವೆಂಬರಿನಲ್ಲಿ ಪಾಮನಕಲ್ಲೂರಿನಲ್ಲಿ ಧರಣಿ ಆರಂಭಿಸಿದರು. ಅದು ನೂರಕ್ಕೂ ಹೆಚ್ಚು ದಿನ ನಡೆಯಿತು. ನಂದವಾಡಗಿ ಏತ ನೀರಾವರಿಯ ಮೂಲಕ ನೀರು ಕೊಡುವುದಾಗಿ ಸರ್ಕಾರ ಹೇಳಿತು; ಹರಿಯುವ ಕಾಲುವೆಯೇ ಬೇಕೆಂದು ರೈತರು ಹೇಳಿದರು. ಈ ನಡುವೆ, 2018ರಲ್ಲಿ 213 ಮತಗಳಿಂದ ಗೆದ್ದಿದ್ದ ಪ್ರತಾಪಗೌಡ ಪಾಟೀಲರು 2019ರಲ್ಲಿ ಪಕ್ಷ ತೊರೆದುದರಿಂದ ತೆರವಾಗಿದ್ದ ಮಸ್ಕಿ ಕ್ಷೇತ್ರಕ್ಕೆ 2021ರ ಏಪ್ರಿಲ್‌ನಲ್ಲಿ ಉಪಚುನಾವಣೆ ನಡೆದು, ಬಸನಗೌಡ ತುರ್ವಿಹಾಳರು 30,606 ಮತಗಳ ಅಂತರದಿಂದ ಆಯ್ಕೆಯಾದರು. ಆಗ ಅವರದು ವಿರೋಧಪಕ್ಷದ ಸ್ಥಾನ. 2023ರಲ್ಲಿ ಅವರು ಮರಳಿ ಗೆದ್ದಾಗ ಅವರ ಪಕ್ಷವೇ ಆಡಳಿತಕ್ಕೆ ಬಂದಿತ್ತು. ಪ್ರಶ್ನಿಸುವ ಹೊಣೆ ಆಗ ಎದುರು ಸಾಲಿಗೆ ಹೋಯಿತು. ವಿರೋಧಪಕ್ಷವೆಂಬುದು ವ್ಯಕ್ತಿಯ ಗುಣವಲ್ಲ, ಸಭೆಯಲ್ಲಿನ ಒಂದು ಸ್ಥಾನ. ಕೂರುವವರು ಬದಲಾದರೂ ಆ ಸ್ಥಾನ ಬರಿದಾಗಬಾರದು.

5

ಸದನದ ಪ್ರಶ್ನೆಯ ರಚನೆಯನ್ನು ಜಾನಪದ ದೃಷ್ಟಿಯಿಂದ ನೋಡಿದರೆ ಅದರಲ್ಲಿಯೂ ಸಿದ್ಧಸೂತ್ರಗಳು ಕಾಣುತ್ತವೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಗಳು ಸದನದಲ್ಲಿ ಉತ್ತರಿಸುತ್ತಾರೆ. ಅದರ ಮೇಲೆ ಉಪಪ್ರಶ್ನೆಗೆ ಅವಕಾಶವಿದೆ. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಬರುತ್ತದೆ. ಪ್ರಶ್ನೆಯು (ಅ), (ಆ), (ಇ) ಎಂದು ಕವಲೊಡೆಯುತ್ತದೆ: ‘ಸರ್ಕಾರದ ಗಮನಕ್ಕೆ ಬಂದಿದೆಯೇ’, ‘ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು’. ಉತ್ತರದ ಕಡೆಯಲ್ಲಿಯೂ ಸೂತ್ರಗಳುಂಟು: ‘ಬಂದಿದೆ’, ‘ಪರಿಶೀಲನೆಯಲ್ಲಿದೆ’, ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’, ‘ಉದ್ಭವಿಸುವುದಿಲ್ಲ’. ಸವಾಲ್-ಜವಾಬಿನ ಹಾಡುಗಾರನಿಗೆ ‘ಉದ್ಭವಿಸುವುದಿಲ್ಲ’ ಎಂದು ಹೇಳಿ ಕೂರುವ ಸೌಲಭ್ಯವಿಲ್ಲ. ಜನಪದ ವೇದಿಕೆಯಲ್ಲಿ ತೀರ್ಪುಗಾರರಾದ ಕೇಳುಗರು ಎದುರಿಗೇ ಇರುತ್ತಾರೆ; ಶಾಸನಸಭೆಯಲ್ಲಿ ಅವರು ಐದು ವರ್ಷಕ್ಕೊಮ್ಮೆ ಮಾತ್ರ ತೀರ್ಪು ಹೇಳುತ್ತಾರೆ. ಈ ಅಂತರವನ್ನು ತುಂಬುವುದಕ್ಕಾಗಿಯೇ ಉಪಪ್ರಶ್ನೆ ಇದೆ. ಮೊದಲ ಪ್ರಶ್ನೆಗೆ ಇಲಾಖೆ ಉತ್ತರ ಬರೆದುಕೊಡುತ್ತದೆ; ಉಪಪ್ರಶ್ನೆಗೆ ಮಂತ್ರಿಯೇ ಉತ್ತರಿಸಬೇಕು.

ಇನ್ನೊಂದು ಮೂಲಭೂತ ತೊಡಕನ್ನೂ ಇಲ್ಲಿ ಪರಿಭಾವಿಸಬೇಕಾಗುತ್ತದೆ. ನೀರು ಎಷ್ಟು ಹರಿಯಿತೆಂದು ಶಾಸಕನು ಕೇಳಿದರೆ, ಹರಿಸಿದ ಇಲಾಖೆಯೇ ಅಳೆದು ಅಂಕಿ ಕೊಡುತ್ತದೆ. ಗೇಣಿ ಪಡೆಯುವವನೇ ಕೊಳಗ ಹಿಡಿದಿದ್ದ ಕಾಗೋಡಿನ ಪರಿಸ್ಥಿತಿಗೂ ಇದಕ್ಕೂ ರಚನೆಯಲ್ಲಿ ಸಾಮ್ಯವಿದೆ. ಅಂಕಿ ಸುಳ್ಳಾಗಿರಬೇಕೆಂದೇನೂ ಇಲ್ಲ. ಮೇಲಿನ ಮೈಲಿನಲ್ಲಿ ಗೇಜು ಸರಿಯಾಗಿದ್ದೂ ಕೆಳಗಿನ ತೂಬು ಒಣಗಿರಬಹುದು. ಒಣಗಿದ ತೂಬನ್ನು ಕಂಡ ರೈತನ ಅರಿವು ಇಲಾಖೆಯ ಕೋಷ್ಟಕದಲ್ಲಿ ಇರುವುದಿಲ್ಲ. ಆ ಅರಿವನ್ನು ಸದನದ ಕಡತಕ್ಕೆ ಸೇರಿಸುವುದೇ ವಿರೋಧಪಕ್ಷದ ಶಾಸಕನ ನಿಜವಾದ ಕೆಲಸ. ಅವನು ಮಂತ್ರಿಯನ್ನು ಮುಜುಗರಕ್ಕೆ ಈಡುಮಾಡಿದನೇ ಎಂಬುದಕ್ಕಿಂತ ಎರಡನೆಯ ಕೊಳಗವೊಂದನ್ನು ಸಭೆಗೆ ತಂದನೇ ಎಂಬುದು ಮುಖ್ಯ. ಗದ್ದಲದಲ್ಲಿ ಪ್ರಶ್ನೋತ್ತರ ವೇಳೆ ಕೊಚ್ಚಿಹೋದ ದಿನ ಸರ್ಕಾರಕ್ಕೆ ಆಗುವ ನಷ್ಟ ಅಲ್ಪ. ಕೊನೆಭಾಗದ ರೈತನಿಗೆ ಆಗುವ ನಷ್ಟ ದೊಡ್ಡದು.

ಕಾಗೋಡು ಮತ್ತು ಎಡದಂಡೆಗಳನ್ನು ಒಟ್ಟಿಗೆ ನೋಡಿದಾಗ ತಿಳಿದುಬರುವ ಅಂಶಗಳು ಎರಡು. ಮೊದಲನೆಯದು, ಶಾಸನಸಭೆಯ ಬಲವಾದ ಪ್ರಶ್ನೆಗಳು ಕಣ, ಕಾಲುವೆ, ಕಟ್ಟೆಗಳಲ್ಲಿ ಹುಟ್ಟಿ, ಸಂಘಟನೆಯ ಮೂಲಕ ಸದನಕ್ಕೆ ಬಂದಿವೆ. ಗಣಪತಿಯಪ್ಪನವರ ರೈತ ಸಂಘವಿಲ್ಲದೆ ಗೋಪಾಲಗೌಡರ ಪ್ರಶ್ನೆ ಇಲ್ಲ. ಎರಡನೆಯದು, ಅಂಥ ಪ್ರಶ್ನೆಗಳು ತಡವಾಗಿಯಾದರೂ ಕಾನೂನನ್ನು ಬದಲಿಸಬಲ್ಲವು, ಆದರೆ ಅವು ಕಡತದಲ್ಲಿ ಉಳಿದು, ಮುಂದಿನವರು ಅವನ್ನು ಮತ್ತೆ ಕೈಗೆತ್ತಿಕೊಂಡಾಗ ಮಾತ್ರ. ಗೇಣಿದಾರನಿಗೆ 1974ರಲ್ಲಿ ಉತ್ತರ ಸಿಕ್ಕಿತು. ಕಾಲುವೆಯ ಕೊನೆಭಾಗದ ರೈತನ ಪ್ರಶ್ನೆ 1953ರಿಂದ ಹರಿಯುತ್ತಿರುವ ನೀರಿನಷ್ಟೇ ಹಳೆಯದಾಗುತ್ತ ಬಂದಿದ್ದು, ಇನ್ನೂ ಸದನದ ಮುಂದಿದೆ.