ತುದಿ ಸುಟ್ಟ ಆಂಟೆನಾ

ಮೊನ್ನೆ ಭಾನುವಾರ ಇಡೀ ದಿನ ತಾರಸಿಯ ಮೇಲೇ ಕಳೆದುಹೋಯಿತು. ನನಗೆ ಹ್ಯಾಮ್ ರೇಡಿಯೋ ಹುಚ್ಚು ಹಿಡಿಸಿದ ಮೇಷ್ಟ್ರು ತೀರಿಕೊಂಡು ಎರಡು ವರ್ಷ. "ಅವರ ಆಂಟೆನಾ ತೆಕ್ಕೊಂಡು ಹೋಗ್ತೀಯಾ, ಗುಜರಿಯವನಿಗೆ ಕೊಡ್ಲಾ?" ಅಂತ ಅಮ್ಮ (ಮೇಷ್ಟ್ರ ಹೆಂಡತಿಯನ್ನು ನಾವೆಲ್ಲ ಕರೆಯುವುದೇ ಹಾಗೆ) ಫೋನ್ ಮಾಡಿದ್ದರು. ಓಡಿಹೋಗಿ ಇಳಿಸಿಕೊಂಡು ಬಂದೆ.

ಮೂರು ಅಡ್ಡಕೊಳವೆಗಳ ಯಾಗಿ ಆಂಟೆನಾ. ಹಿಂದೆ ನಮ್ಮ ಮನೆಗಳ ಮೇಲೆ ಕಾಗೆ ಕೂರುತ್ತಿದ್ದ ಟಿವಿ ಆಂಟೆನಾದ ಅಣ್ಣ ಅಂದುಕೊಳ್ಳಿ. ಒಂದೊಂದು ಕೊಳವೆಯೂ ಸುಮಾರು 7 ಮೀಟರ್ ಉದ್ದ. ಒಂದರೊಳಗೆ ಒಂದು ತೂರಿಸಿದ ಕೀಲುಗಳಲ್ಲೆಲ್ಲ ಬೂದಿಯಂಥ ಬಿಳಿ ಪುಡಿ. ಅಲ್ಯೂಮಿನಿಯಂಗೆ ತುಕ್ಕಿಲ್ಲ ಅನ್ನುವುದು ಅರ್ಧ ಸತ್ಯ. ಮೇಲಿನ ಆಕ್ಸೈಡ್ ಪದರ ಲೋಹವನ್ನೇನೋ ಕಾಯುತ್ತದೆ, ಆದರೆ ಕೀಲಿನಲ್ಲಿ ಕರೆಂಟು ಹರಿಯಲು ಬಿಡುವುದಿಲ್ಲ. ತಾಮ್ರದ ತಂತಿಯನ್ನು ನೇರವಾಗಿ ಬಿಗಿದ ಕಡೆ ಇನ್ನೂ ಅಧ್ವಾನ. ಉಪ್ಪುಗಾಳಿ, ಮಳೆನೀರು ಸೇರಿದರೆ ಅದೊಂದು ಪುಟ್ಟ ಬ್ಯಾಟರಿ. ಸವೆಯುವುದು ಮಾತ್ರ ಅಲ್ಯೂಮಿನಿಯಂ.

ಸ್ಯಾಂಡ್ ಪೇಪರ್ ಹಿಡಿದು ತಿಕ್ಕುತ್ತಾ ಕೂತಾಗ ಮೇಷ್ಟ್ರು ಹೇಳುತ್ತಿದ್ದ ಕ್ವಿಟೊ ಕತೆ ನೆನಪಾಯಿತು. ಜಪಾನಿನ ಸೆಂಡೈಯಲ್ಲಿ 1926ರಲ್ಲಿ ಈ ಆಂಟೆನಾದ ಕೆಲಸ ಬಹುಪಾಲು ಮಾಡಿದವರು ಶಿಂತಾರೊ ಉದಾ. 1928ರಲ್ಲಿ ಇಂಗ್ಲಿಷಿನಲ್ಲಿ ಬರೆದವರು ಅವರ ಪ್ರೊಫೆಸರ್ ಯಾಗಿ, ಹೆಸರು ನಿಂತದ್ದೂ ಅವರದೇ. (ಇದು ಎಲ್ಲ ಕಡೆ ನಡೆಯುವುದೇ ಬಿಡಿ.)

ಕ್ವಿಟೊ ಅಂದರೆ ಈಕ್ವೆಡಾರಿನ ರಾಜಧಾನಿ. ಆಂಡಿಸ್ ಪರ್ವತಗಳ ನಡುವೆ, ಸಮುದ್ರಮಟ್ಟದಿಂದ ಸುಮಾರು 2,850 ಮೀಟರ್ ಎತ್ತರ. ಅಲ್ಲಿ 1931ರಲ್ಲಿ ಶುರುವಾದ ಎಚ್‌ಸಿಜೆಬಿ ಅನ್ನುವ ಕ್ರೈಸ್ತ ಮಿಷನರಿ ರೇಡಿಯೋ, 1940ರ ಹೊತ್ತಿಗೆ 10 ಕಿಲೋವ್ಯಾಟಿನ ಟ್ರಾನ್ಸ್‌ಮಿಟರ್ ಹಾಕಿತು. ಯಾಗಿಯ ಥರದ್ದೇ ದೊಡ್ಡ ಅಲ್ಯೂಮಿನಿಯಂ ಆಂಟೆನಾ. ರಾತ್ರಿ ನೋಡಿದರೆ ಕೊಳವೆಗಳ ತುದಿಯಲ್ಲಿ ಬೆಂಕಿಯ ನಾಲಗೆ! ಲೋಹ ಕರಗಿ ನೆಲಕ್ಕೆ ಬೀಳುತ್ತಿತ್ತಂತೆ. ಇಂಥ ಆಂಟೆನಾದಲ್ಲಿ ವೋಲ್ಟೇಜು ಅತಿ ಹೆಚ್ಚಿರುವುದು ತೆರೆದ ತುದಿಗಳಲ್ಲಿ. ಎತ್ತರದ ತೆಳು ಗಾಳಿಗೆ ಅದನ್ನು ತಡೆಯುವ ಶಕ್ತಿ ಕಡಿಮೆ. ಹಾಗಾಗಿ ಗಾಳಿಯೇ ಒಡೆದು ಉರಿಯುತ್ತದೆ. ಇದಕ್ಕೆ ಕೊರೋನಾ ಅನ್ನುತ್ತಾರೆ (ಆ ಕೊರೋನಾ ಅಲ್ಲ ಮಾರಾಯ್ರೆ).

ನಮ್ಮಂಥವರಾದರೆ ಏನು ಮಾಡುತ್ತಿದ್ದೆವು? ಸುಟ್ಟ ತುದಿ ಕತ್ತರಿಸಿ ಹೊಸ ಕೊಳವೆ ಹಾಕುವುದು, ಅದೂ ಸುಟ್ಟರೆ ಇನ್ನೊಂದು. ತಪ್ಪು ಕೊಳವೆಯದಲ್ಲವಲ್ಲ! ಎಂಜಿನಿಯರ್ ಕ್ಲಾರೆನ್ಸ್ ಮೂರ್ 1942ರಲ್ಲಿ ಪುಸ್ತಕಗಳನ್ನು ಹೊತ್ತುಕೊಂಡು ಕಡಲ ತೀರಕ್ಕೆ ರಜೆ ಹೋದರು. ಅಲ್ಲಿ ಹೊಳೆದದ್ದು ಇಷ್ಟೇ: ತುದಿಯೇ ಇಲ್ಲದ ಆಂಟೆನಾ ಮಾಡಿದರೆ? ತಂತಿಯನ್ನು ಚೌಕಾಕಾರದ ಬಳೆ ಮಾಡಿದರು, ಒಂದೊಂದು ಬದಿ ಅಲೆಯುದ್ದದ ಕಾಲು ಭಾಗ. ಬೆಂಕಿ ನಿಂತಿತು. ಅದೇ ಕ್ವಾಡ್ ಆಂಟೆನಾ, 1951ರಲ್ಲಿ ಪೇಟೆಂಟೂ ಸಿಕ್ಕಿತು. ಹ್ಯಾಮ್‌ಗಳು ಬಿದಿರಿನ ಕೋಲು ಕಟ್ಟಿ ಮನೆಮನೆಯಲ್ಲಿ ಮಾಡಿಕೊಂಡರು.

ಇಷ್ಟು ಕೊಂಡಾಡಿದ ಮೇಷ್ಟ್ರು ಸ್ವತಃ ಕ್ವಾಡ್ ಕಟ್ಟಲಿಲ್ಲ. "ನಾನು ಬಿಡುವುದು 100 ವ್ಯಾಟ್, ನನ್ನ ತುದಿ ಸುಡುವುದಿಲ್ಲ. ಆಷಾಢದ ಗಾಳಿಗೆ ಕ್ವಾಡ್ ತಂತಿ ಕಡಿದರೆ ಹತ್ತುವವರು ಯಾರು?" ಅನ್ನುತ್ತಿದ್ದರು.

ತಿಕ್ಕಿದ ಕೀಲುಗಳಿಗೆ ಸತುವಿನ ಪುಡಿ ಬೆರೆತ ಗ್ರೀಸು ಹಚ್ಚಿ, ಸ್ಟೇನ್‌ಲೆಸ್ ಸ್ಟೀಲಿನ ಕ್ಲಾಂಪು ಬಿಗಿದೆ. ನೀರು ನಿಲ್ಲದಂತೆ ಕೊಳವೆಗಳ ಅಡಿಗೆ ಸಣ್ಣ ತೂತು. ಮೀಟರಿನಲ್ಲಿ 3 ತೋರಿಸುತ್ತಿದ್ದ ಎಸ್‌ಡಬ್ಲ್ಯುಆರ್ 1.4ಕ್ಕೆ ಇಳಿಯಿತು! ಖುಷಿಗೆ ಅಮ್ಮನಿಗೆ ಫೋನ್ ಮಾಡಿದೆ.

"ಆಂಟೆನಾ ಆಯ್ತು, ಆ ಕಬ್ಬಿಣದ ಕಂಬ ಯಾರು ತೆಕ್ಕೊಂಡು ಹೋಗುದು ಮಾರಾಯಾ?" ಅಂದರು.