ಊರಿಗೆ ಹೋದರೆ ಕ್ಯೂನ ಕೊನೆಗೆ

ನಮ್ಮ ಉಡುಪಿ ಕಡೆ ಬಸ್ಸು ಅಂದರೆ ಪ್ರೈವೇಟ್ ಬಸ್ಸು. ಕಾರ್ಕಳದಿಂದ ಹಿರಿಯಡ್ಕ, ಪರ್ಕಳ ದಾಟಿ ಮಣಿಪಾಲಕ್ಕೆ ಬರುವುದೂ ಅದರಲ್ಲೇ, ಹೆದ್ದಾರಿಯಲ್ಲಿ ಕಾಪುವಿನಿಂದ ಮಂಗಳೂರಿಗೆ ಹೋಗುವುದೂ ಅದರಲ್ಲೇ. ಸರ್ಕಾರಿ ಬಸ್ಸು ನಮ್ಮ ನೆನಪಿಗೆ ಬರುವುದು ರಾತ್ರಿ ಬೆಂಗಳೂರಿಗೆ ಹೊರಡುವಾಗ, ಇಲ್ಲವಾದರೆ ಘಟ್ಟದ ಮೇಲಿನ ಯಾವುದಾದರೂ ಊರಿಗೆ ಹೋಗಬೇಕಾದಾಗ. ಆ ಸರ್ಕಾರಿ ಬಸ್ಸಿನ ಡ್ರೈವರ್ ಬಾಯಿ ತೆರೆದರೆ ಗೊತ್ತಾಗುತ್ತದೆ, ಅವರ ಕನ್ನಡ ನಮ್ಮದಲ್ಲ. ಬಾಗಲಕೋಟೆಯದ್ದೋ, ಗದಗದ್ದೋ, ರಾಯಚೂರಿನದ್ದೋ ಆಗಿರುತ್ತದೆ. ಅವರು ಇಲ್ಲಿಗೆ ಯಾಕೆ ಬಂದರು, ವಾಪಸ್ ಊರಿಗೆ ಹೋಗಲು ಯಾಕೆ ಅಷ್ಟು ಕಷ್ಟ ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ್ದೇ ಈ ಲೇಖನ.

ಮೊದಲು ಬರೆಯಬೇಕೆಂದಿದ್ದದ್ದು ಲಾರಿ ಡ್ರೈವರುಗಳ ಬಗ್ಗೆ. ಮಲ್ಪೆಯಿಂದ ಮೀನು ತುಂಬಿಕೊಂಡು ಹೋಗುವ ಲಾರಿಯವರಲ್ಲಿ ಸೀನಿಯಾರಿಟಿ ಅಂತ ಒಂದು ಇದೆಯಾ ಅಂತ ವಿಚಾರಿಸಿದರೆ ನಗು ಬಂತು ಅವರಿಗೆ. ಲಾರಿ ಒಬ್ಬರದ್ದು, ಡ್ರೈವರ್ ಅವರ ಜನ, ಅಷ್ಟೇ. ಯೂನಿಯನ್ನೂ ಇದ್ದು, ಪಟ್ಟಿಯೂ ಇದ್ದು, ವರ್ಗಾವಣೆಯೂ ಇರುವ ಡ್ರೈವರುಗಳು ನಮ್ಮಲ್ಲಿ ಸಿಗುವುದು ಕೆ.ಎಸ್.ಆರ್.ಟಿ.ಸಿ. ಡಿಪೋದಲ್ಲಿ. ಹಾಗಾಗಿ ಲಾರಿ ಬಿಟ್ಟು ಬಸ್ಸು ಹತ್ತಿದೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ಹಳೇ ಮೈಸೂರಿನಲ್ಲಿ ಸರ್ಕಾರವೇ ಬಸ್ಸು ಓಡಿಸಲು ಶುರು ಮಾಡಿದ್ದು 1948ರ ಸೆಪ್ಟೆಂಬರ್ 12ರಂದು, 120 ಬಸ್ಸುಗಳಿಂದ. ಅದು ಆಗ ನಿಗಮವಲ್ಲ, ಸರ್ಕಾರದ ಒಂದು ಇಲಾಖೆ. ನಾವು ಆಗ ಆ ಸರ್ಕಾರದಲ್ಲಿ ಇರಲೇ ಇಲ್ಲ. ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು, ಇಲ್ಲಿ ರಸ್ತೆ ಆಳುತ್ತಿದ್ದವರು ಖಾಸಗಿ ಕಂಪೆನಿಗಳು. ಸಿ.ಪಿ.ಸಿ., ಹನುಮಾನ್, ಶಂಕರ ವಿಠಲ್ ಅಂತ ಈಗಲೂ ಹಳಬರು ಹೆಸರು ಹೇಳುತ್ತಾರೆ, ನಾವು ಹಳೆಯ ಸಿನೆಮಾ ನಟರ ಹೆಸರು ಹೇಳಿದ ಹಾಗೆ. 1956ರ ನವೆಂಬರ್ 1ರಂದು ಕಾಸರಗೋಡನ್ನು ಕಳೆದುಕೊಂಡ ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಬಂತು. ಬರುವಾಗ ತನ್ನ ಪ್ರೈವೇಟ್ ಬಸ್ಸುಗಳನ್ನೂ ಜೊತೆಗೆ ತಂದಿತು.

ಅದೇ ದಿನ ಮುಂಬೈ ಮತ್ತು ಹೈದರಾಬಾದ್ ಕಡೆಯ ಕನ್ನಡ ಜಿಲ್ಲೆಗಳೂ ಬಂದವು. ಆ ಎರಡೂ ಕಡೆ ಸರ್ಕಾರಿ ಬಸ್ಸುಗಳಿದ್ದವು, ಅವುಗಳ ಡ್ರೈವರು, ಕಂಡಕ್ಟರುಗಳೂ ಇದ್ದರು. ಹುಬ್ಬಳ್ಳಿ, ಬೆಳಗಾವಿ ಕಡೆಯವರು ಮುಂಬೈ ರಾಜ್ಯದ ನಿಗಮದ ನಿಯಮದಲ್ಲಿ ಕೆಲಸಕ್ಕೆ ಸೇರಿದವರು, ಕಲಬುರ್ಗಿ ಕಡೆಯವರು ನಿಜಾಮರ ಕಾಲದಿಂದ ಬಂದ ಇಲಾಖೆಯವರು. 1961ರ ಆಗಸ್ಟ್ 1ರಂದು ಮೈಸೂರು ರಾಜ್ಯ ರಸ್ತೆ ಸಾರಿಗೆ ನಿಗಮ ಹುಟ್ಟಿತು. ಬೆಂಗಳೂರು ನಗರದ ಬಸ್ಸುಗಳು ಅದೇ ವರ್ಷ ಅಕ್ಟೋಬರ್ 1ಕ್ಕೆ ಸೇರಿಕೊಂಡವು. ರಾಜ್ಯದ ಹೆಸರು 1973ರಲ್ಲಿ ಬದಲಾದ ಮೇಲೆ ಅದೇ ನಮ್ಮ ಕೆ.ಎಸ್.ಆರ್.ಟಿ.ಸಿ. ಆಯಿತು.

ಈಗ ನನ್ನ ಕಸುಬಿನ ವಿಷಯ. ಎರಡು ಮೂರು ಲಿಸ್ಟುಗಳನ್ನು ಸೇರಿಸಿ ಒಂದು ಲಿಸ್ಟು ಮಾಡುವುದು ಕಂಪ್ಯೂಟರ್ ಸೈನ್ಸಿನ ಎರಡನೇ ವರ್ಷದ ಪಾಠ. ಒಂದೊಂದು ಲಿಸ್ಟಿನಿಂದ ಒಬ್ಬೊಬ್ಬರನ್ನು ಹೋಲಿಸಿ ನೋಡುತ್ತಾ ಹೋದರೆ ಮುಗಿಯಿತು. ಆದರೆ ಯಾವುದನ್ನು ಹೋಲಿಸುವುದು? ಕೆಲಸಕ್ಕೆ ಸೇರಿದ ದಿನವನ್ನೋ, ಕಾಯಂ ಆದ ದಿನವನ್ನೋ, ಸಂಬಳದ ಶ್ರೇಣಿಯನ್ನೋ? ಒಂದು ರಾಜ್ಯದಲ್ಲಿ ಬೇಗ ಕಾಯಂ ಮಾಡುತ್ತಿದ್ದರು, ಇನ್ನೊಂದರಲ್ಲಿ ವರ್ಷಗಟ್ಟಲೆ ಬದಲಿಯಾಗಿ ದುಡಿಸುತ್ತಿದ್ದರು ಅಂದರೆ? ನಮ್ಮ ಪ್ರೋಗ್ರಾಮಿನಲ್ಲಿ ಇದು ಒಂದು ಸಾಲು. ಮನುಷ್ಯರ ಪಾಲಿಗೆ ಇದು ಬಡ್ತಿ.

ಇದು ಬಸ್ಸಿನವರ ಸಮಸ್ಯೆ ಮಾತ್ರ ಆಗಿರಲಿಲ್ಲ, ಏಕೀಕರಣದಲ್ಲಿ ಸಿಕ್ಕಿಕೊಂಡ ಎಲ್ಲ ನೌಕರರದ್ದೂ ಹೌದು. ರಾಜ್ಯ ಪುನರ್ವಿಂಗಡಣೆ ಕಾಯ್ದೆಯ 115ನೇ ಕಲಂ, ಹೀಗೆ ಬಂದವರ ಸೇವಾ ಷರತ್ತುಗಳನ್ನು ಕೇಂದ್ರದ ಪೂರ್ವಾನುಮತಿ ಇಲ್ಲದೆ ಅವರಿಗೆ ನಷ್ಟವಾಗುವಂತೆ ಬದಲಿಸಬಾರದು ಅಂತ ಹೇಳಿತ್ತು. ದಕ್ಷಿಣ ಕನ್ನಡದ ಒಬ್ಬ ಗುಮಾಸ್ತರು, ಹೊಸ ರಾಜ್ಯದ ಬಡ್ತಿ ನಿಯಮದಿಂದ ತನಗೆ ಅನ್ಯಾಯವಾಗಿದೆ ಅಂತ ಮಂಗಳೂರಿನ ಡೆಪ್ಯುಟಿ ಕಮಿಷನರ್ ಮೇಲೆ ಕೇಸು ಹಾಕಿ ಸುಪ್ರೀಂ ಕೋರ್ಟಿನವರೆಗೂ ಹೋದರು. 1964ರಲ್ಲಿ ಕೋರ್ಟು ಹೇಳಿದ್ದು ಇಷ್ಟು: 1957ರ ಮೇ 11ರಂದು ಕೇಂದ್ರ ಎಲ್ಲ ರಾಜ್ಯಗಳಿಗೂ ಬರೆದ ಪತ್ರವೇ ಪೂರ್ವಾನುಮತಿ, ಆದ್ದರಿಂದ ರಾಜ್ಯ ಬಡ್ತಿಯ ನಿಯಮ ಬದಲಿಸಬಹುದು. ಗಮನಿಸಿ, ಆ ಮನುಷ್ಯ ಎಲ್ಲಿಗೂ ಹೋಗಿರಲಿಲ್ಲ. ಕೂತ ಕುರ್ಚಿಯಲ್ಲೇ ಕೂತಿದ್ದರು. ಅವರ ಸುತ್ತ ಇದ್ದ ಗೆರೆ ಬದಲಾಗಿತ್ತು.

ಅಮೆರಿಕದ ಲಾರಿ ಡ್ರೈವರುಗಳಲ್ಲಿ ಇದಕ್ಕೆ ಚೆಂದದ ಎರಡು ಹೆಸರುಗಳಿವೆ. ಅವರ ಯೂನಿಯನ್ ಟೀಮ್‌ಸ್ಟರ್ಸ್, 1903ರಿಂದ ಇದೆ. 1964ರಲ್ಲಿ ಜಿಮ್ಮಿ ಹೋಫಾ ಇಡೀ ದೇಶದ ಲಾರಿ ಕಂಪೆನಿಗಳ ಜೊತೆ ಒಂದೇ ಒಪ್ಪಂದ ಮಾಡಿಸಿದ ಮೇಲೆ ಅಲ್ಲಿ ಸೀನಿಯಾರಿಟಿ ಅನ್ನುವುದು ಡ್ರೈವರಿನ ಆಸ್ತಿಯ ಹಾಗೆ. ಯಾವ ರೂಟು, ಯಾವ ಹೊತ್ತು ಅನ್ನುವುದನ್ನು ಹಿರಿಯರು ಮೊದಲು ಆರಿಸುತ್ತಾರೆ. ಎರಡು ಟರ್ಮಿನಲ್ ಒಂದಾದರೆ ಪಟ್ಟಿ ಸೇರಿಸುವುದಕ್ಕೆ ಎರಡು ದಾರಿ. ಒಂದು ಡವ್‌ಟೇಲ್, ಅಂದರೆ ಸೇರಿದ ದಿನ ನೋಡಿ ಜಡೆ ಹೆಣೆದ ಹಾಗೆ ಹೆಣೆಯುವುದು. ಇನ್ನೊಂದು ಎಂಡ್‌ಟೇಲ್, ಬಂದವರನ್ನೆಲ್ಲ ಇದ್ದವರ ಬಾಲಕ್ಕೆ ಕಟ್ಟುವುದು. ಆ ಆಸ್ತಿಗೂ ಒಂದು ಮಿತಿ ಇದೆ ಅನ್ನಿ. ಕಂಪೆನಿ ಮುಳುಗಿದರೆ ಸೀನಿಯಾರಿಟಿಯೂ ಮುಳುಗುತ್ತದೆ. 2023ರಲ್ಲಿ ಯೆಲ್ಲೋ ಅನ್ನುವ ಹಳೆಯ ಲಾರಿ ಕಂಪೆನಿ ಬಾಗಿಲು ಹಾಕಿದಾಗ ಸುಮಾರು 22,000 ಯೂನಿಯನ್ ಕೆಲಸಗಾರರು ಬೀದಿಗೆ ಬಂದರು. ಮೂವತ್ತು ವರ್ಷ ಓಡಿಸಿದವರೂ ಬೇರೆ ಕಂಪೆನಿಯಲ್ಲಿ ಹೊಸಬರೇ.

ನಮ್ಮ ಡಿಪೋಗೆ ವಾಪಸ್ ಬರೋಣ. ಇಲ್ಲಿ ಜ್ಯೇಷ್ಠತೆಯ ಪಟ್ಟಿ ಡ್ರೈವರ್, ಕಂಡಕ್ಟರುಗಳಿಗೆ ವಿಭಾಗದ ಮಟ್ಟದಲ್ಲಿ ಇರುತ್ತದೆ. ಉಡುಪಿ 1997ರ ಆಗಸ್ಟ್ 25ರಂದು ಬೇರೆ ಜಿಲ್ಲೆಯಾಯಿತು, ಆದರೆ ಉಡುಪಿ, ಕುಂದಾಪುರ ಡಿಪೋಗಳು ನಿಗಮದ ಲೆಕ್ಕದಲ್ಲಿ ಮಂಗಳೂರು ವಿಭಾಗವೇ. ಪಟ್ಟಿಯಲ್ಲಿ ಮೇಲಿದ್ದರೆ ಬಡ್ತಿ ಬೇಗ. ಅದಕ್ಕಿಂತ ದೊಡ್ಡದು ದಿನನಿತ್ಯದ ವಿಷಯ. ಯಾವ ಶೆಡ್ಯೂಲ್ ಅನ್ನುವ ಪ್ರಶ್ನೆ ಬಂದಾಗ ಹಿರಿಯರ ಮಾತಿಗೆ ಬೆಲೆ. ಸಂಜೆ ರೂಮಿಗೆ ಮರಳುವ ರೂಟೋ, ವಾರಕ್ಕೆ ಮೂರು ದಿನ ಯಾವುದೋ ಊರಿನ ಬಸ್ ಸ್ಟ್ಯಾಂಡಿನಲ್ಲಿ ಸೊಳ್ಳೆ ಕಚ್ಚಿಸಿಕೊಳ್ಳುವ ನೈಟ್ ಹಾಲ್ಟೋ ಅನ್ನುವುದು ಸಣ್ಣ ಸಂಗತಿ ಅಲ್ಲ ಮಾರಾಯ್ರೆ.

ಉಡುಪಿ ಜಿಲ್ಲೆಯಾದ 1997ರಲ್ಲೇ ನಿಗಮವೂ ಒಡೆಯಿತು. ಆಗಸ್ಟ್ 15ಕ್ಕೆ ಬೆಂಗಳೂರಿನ ಬಿ.ಎಂ.ಟಿ.ಸಿ., ನವೆಂಬರ್ 1ಕ್ಕೆ ಹುಬ್ಬಳ್ಳಿಯ ವಾಯವ್ಯ ಸಾರಿಗೆ. 2000ದಲ್ಲಿ ಕಲಬುರ್ಗಿಯ ಈಶಾನ್ಯ ಸಾರಿಗೆ, ಈಗ ಅದರ ಹೆಸರು ಕಲ್ಯಾಣ ಕರ್ನಾಟಕ ಸಾರಿಗೆ. ಹೆಚ್ಚು ಕಡಿಮೆ 1961ರಲ್ಲಿ ಹೊಲಿದ ಹೊಲಿಗೆಯೇ ಮತ್ತೆ ಬಿಚ್ಚಿತು ಅನ್ನಬಹುದು. ಆಡಳಿತಕ್ಕೆ ಇದು ಅನುಕೂಲವೇ ಇರಬಹುದು. ಆದರೆ ಭೂಪಟ ತೆಗೆದು ನೋಡಿ. ನಮ್ಮ ಬೈಂದೂರು, ಶಿರೂರು ದಾಟಿದರೆ ಭಟ್ಕಳ, ಉಡುಪಿಯಿಂದ 90 ಕಿಲೋಮೀಟರ್ ಆಸುಪಾಸು. ಅದು ಉತ್ತರ ಕನ್ನಡ, ಅಂದರೆ ವಾಯವ್ಯ ಸಾರಿಗೆ, ಅಂದರೆ ಬೇರೆ ನಿಗಮ. ಕೋಲಾರ, ಚಾಮರಾಜನಗರ ರಾಜ್ಯದ ಇನ್ನೊಂದು ತುದಿ, ಆದರೆ ಅದೇ ನಿಗಮ. ಉಡುಪಿ ಡಿಪೋದಲ್ಲಿರುವ ಭಟ್ಕಳದ ಡ್ರೈವರಿಗೆ ಕೋಲಾರಕ್ಕೆ ಹೋಗುವುದು ಒಳಗಿನ ಮಾತು, ಮನೆಗೆ ಹೋಗುವುದು ಗಡಿ ದಾಟುವ ಮಾತು.

ಹೀಗೆ ದಾಟುವುದಕ್ಕೆ 'ಅಂತರ ನಿಗಮ ವರ್ಗಾವಣೆ' ಅನ್ನುತ್ತಾರೆ. ಸ್ವಂತ ಕೋರಿಕೆಯ ಮೇಲೆ ದಾಟಿದರೆ ಷರತ್ತು ಒಂದೇ: ಹೋದ ಕಡೆ ಪಟ್ಟಿಯ ಕೊನೆಯ ಹೆಸರು ನಿಮ್ಮದು. ಸಂಬಳ, ಪೆನ್ಷನ್ನಿನ ಲೆಕ್ಕಕ್ಕೆ ಹಳೆಯ ಸೇವೆ ಬರುತ್ತದೆ, ಜಾಗ ಬರುವುದಿಲ್ಲ. ಇದು ನಿಗಮದವರು ಕಂಡುಹಿಡಿದದ್ದಲ್ಲ, ದೇಶದ ಸೇವಾ ಕಾನೂನೇ ಹೀಗಿದೆ. ಬೇರೆ ಬೇರೆ ನೌಕರರ ಕೇಸುಗಳಲ್ಲಿ ಸುಪ್ರೀಂ ಕೋರ್ಟು ಇದನ್ನು ಮತ್ತೆ ಮತ್ತೆ ಹೇಳಿದೆ. 1996ರಲ್ಲಿ ವರದಿಯಾದ ಒಂದು ತೀರ್ಪಿನಲ್ಲಿ, ಹೀಗೆ ಕೊನೆಗೆ ಹೋದರೂ ಹಳೆಯ ಸೇವೆಯನ್ನು ಬಡ್ತಿಯ ಅರ್ಹತೆಗೆ ಬೇಕಾದ ಅನುಭವವಾಗಿ ಲೆಕ್ಕ ಹಿಡಿಯಲೇಬೇಕು ಅಂದಿತು. ಕೇರಳದ ಒಂದು ಕೇಸಿನಲ್ಲಿ 2006ರಲ್ಲಿ, ಸರ್ಕಾರವೇ ಸಾರ್ವಜನಿಕ ಹಿತಕ್ಕಾಗಿ ಕಳಿಸಿದರೆ ಹಿರಿತನ ಉಳಿಯುತ್ತದೆ, ಬೇರೆ ಘಟಕಕ್ಕೆ ತಾನಾಗಿ ಕೇಳಿಕೊಂಡು ಹೋದವನಿಗೆ ಉಳಿಯುವುದಿಲ್ಲ ಅನ್ನುವ ವ್ಯತ್ಯಾಸವನ್ನು ಎತ್ತಿ ಹಿಡಿಯಿತು.

ಬಾದಾಮಿ ಕಡೆಯ ಒಬ್ಬ ಡ್ರೈವರಿಗೆ ಈ ಪ್ರಶ್ನೆ ಕೇಳಿದೆ. ಹನ್ನೆರಡು ವರ್ಷವಾಗಿದೆಯಂತೆ ಕರಾವಳಿಗೆ ಬಂದು. "ಹೋಗ್ಬೇಕಂತ ಐತ್ರಿ ಸರ. ಆದ್ರ ನಿನ್ನೆ ಬಂದ ಹುಡುಗ್ರ ಹಿಂದ ನಿಲ್ಲಬೇಕ್ರಿ" ಅಂದರು. ತಾಯಿಗೆ ವಯಸ್ಸಾಗಿದೆ, ಮಗ ಅಲ್ಲಿಯ ಶಾಲೆಯಲ್ಲಿದ್ದಾನೆ. ಅವರು ಸಿಟ್ಟಿನಲ್ಲಿ ಹೇಳಲಿಲ್ಲ, ಲೆಕ್ಕ ಹಾಕುವವರ ಹಾಗೆ ಹೇಳಿದರು. ಇನ್ನೂ ಎಷ್ಟು ವರ್ಷ ಕಾದರೆ ಕಳೆದುಕೊಳ್ಳುವುದು ಕಡಿಮೆ ಅಂತ. ಆದರೆ ಈ ಲೆಕ್ಕ ತಿರುಗಾಮುರುಗ. ಕಾದಷ್ಟೂ ಕಳೆದುಕೊಳ್ಳುವ ಹಿರಿತನ ಹೆಚ್ಚು.

ಇನ್ನೊಂದು ಪಕ್ಷವನ್ನೂ ಹೇಳಬೇಕು. ಬಾಗಲಕೋಟೆಯ ಡಿಪೋದಲ್ಲಿ ಒಬ್ಬರು ಹತ್ತು ವರ್ಷದಿಂದ ಬಡ್ತಿಗೆ ಕಾದಿದ್ದಾರೆ ಅಂದುಕೊಳ್ಳಿ. ಅವರ ಸರದಿ ಬರುವ ಹೊತ್ತಿಗೆ ಉಡುಪಿಯಿಂದ ಹನ್ನೆರಡು ವರ್ಷದವರೊಬ್ಬರು ಬಂದು ಮುಂದೆ ನಿಂತರೆ? ಅವರೇನು ತಪ್ಪು ಮಾಡಿದ್ದರು? ಎಲ್ಲರಿಗೂ ಜಡೆ ಹೆಣೆಯಲು ಹೊರಟರೆ ಕರಾವಳಿಯ ಡಿಪೋಗಳು ಖಾಲಿಯಾಗಿ, ಊರಿನ ಕಡೆಯ ಪಟ್ಟಿಗಳು ಉಬ್ಬಿ ಹೋಗುತ್ತವೆ. ಬಾಲಕ್ಕೆ ಕಟ್ಟುವ ನಿಯಮ ಕ್ರೂರ ಅನ್ನಿಸಿದರೂ ಅದರ ಹಿಂದೆ ಈ ಭಯ ಇದೆ, ಸುಳ್ಳು ಭಯವಲ್ಲ.

ನಮ್ಮ ಪ್ರೈವೇಟ್ ಬಸ್ಸಿನವರ ಕತೆ ಇದಕ್ಕೆ ತದ್ವಿರುದ್ಧ. ಕಾಪುವಿನ ಡ್ರೈವರ್ ರಾತ್ರಿ ಕಾಪುವಿನ ಮನೆಯಲ್ಲೇ ಗಂಜಿ ಊಟ ಮಾಡುತ್ತಾರೆ. ಅವರಿಗೆ ವರ್ಗಾವಣೆ ಇಲ್ಲ. ಪಟ್ಟಿಯೂ ಇಲ್ಲ. ಕಾನೂನಿನಲ್ಲಿ ಇಲ್ಲ ಅಂತಲ್ಲ. ಕೈಗಾರಿಕಾ ವಿವಾದ ಕಾಯ್ದೆಗೆ 1953ರಲ್ಲಿ ಸೇರಿದ ಕಲಂ ಪ್ರಕಾರ, ಜನ ಕಡಿಮೆ ಮಾಡುವಾಗ ಆ ವರ್ಗದಲ್ಲಿ ಕೊನೆಗೆ ಬಂದವರನ್ನು ಮೊದಲು ತೆಗೆಯಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಆ ಮಾತು ಉಳಿದಿದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಐದು ಅಥವಾ ಅದಕ್ಕಿಂತ ಹೆಚ್ಚು ಜನ ಇದ್ದ ಬಸ್ ಕಂಪೆನಿಗಳಿಗೂ ದಿನಕ್ಕೆ ಎಂಟು ಗಂಟೆಯ ದುಡಿಮೆ, ವಾರದ ರಜೆ ವಿಧಿಸಿತ್ತು. ಆದರೆ ದಣಿಗಳು ಬಸ್ಸನ್ನೇ ಪರ್ಮಿಟ್ ಸಮೇತ ಮಾರಿದರೆ ಡ್ರೈವರಿನ ಇಪ್ಪತ್ತು ವರ್ಷ ಯಾವ ಕಾಗದದಲ್ಲಿದೆ? ಪಟ್ಟಿ ಇದ್ದವರಿಗೆ ಊರಿಲ್ಲ, ಊರಿದ್ದವರಿಗೆ ಪಟ್ಟಿ ಇಲ್ಲ.

2020ರ ಡಿಸೆಂಬರಿನಲ್ಲಿ ಸಾರಿಗೆ ನೌಕರರು ನಾಲ್ಕು ದಿನ ಬಸ್ಸು ನಿಲ್ಲಿಸಿದಾಗ ಅವರ ಬೇಡಿಕೆಗಳಲ್ಲಿ ಅಂತರ ನಿಗಮ ವರ್ಗಾವಣೆಯೂ ಇತ್ತು. ಪೇಪರು, ಟೀವಿಗಳಲ್ಲಿ ಆರನೇ ವೇತನ ಆಯೋಗದ ಸಂಬಳ, ಸರ್ಕಾರಿ ನೌಕರರ ಸ್ಥಾನಮಾನ ಇವೇ ದೊಡ್ಡದಾದವು. 2021ರ ಏಪ್ರಿಲ್ 7ರಿಂದ ಎರಡು ವಾರ ಮತ್ತೆ ಮುಷ್ಕರ. ಇತರ ಕಡೆ ಜನ ಪರದಾಡುತ್ತಿದ್ದರೆ ನಮ್ಮಲ್ಲಿ ಪ್ರೈವೇಟ್ ಬಸ್ಸುಗಳು ಎಂದಿನ ಹಾಗೆ ಓಡಾಡುತ್ತಿದ್ದವು, ನಮಗೆ ಅಷ್ಟಾಗಿ ತಟ್ಟಲಿಲ್ಲ. ಆ ಮುಷ್ಕರದಲ್ಲಿ ವಜಾ, ಅಮಾನತುಗಳ ಜೊತೆ ವರ್ಗಾವಣೆಯೂ ಶಿಕ್ಷೆಯಾಗಿ ಬಂತು. ಕೇಳಿದರೆ ಸಿಗದ ವರ್ಗಾವಣೆ, ಕೇಳದೆ ಬಂದ ವರ್ಗಾವಣೆ! ದುರುದ್ದೇಶದಿಂದ ವರ್ಗ ಮಾಡುವುದು ಅನುಚಿತ ಕಾರ್ಮಿಕ ಪದ್ಧತಿ ಅಂತ ಕಾನೂನು 1980ರ ದಶಕದಿಂದಲೇ ಹೇಳುತ್ತದೆ, ಆದರೆ ದುರುದ್ದೇಶವನ್ನು ಸಾಬೀತು ಮಾಡುವುದು ಯಾರು?

ಇಷ್ಟು ಓದಿದ ಮೇಲೆ ನನಗೆ ಅನ್ನಿಸಿದ್ದು. ಪಟ್ಟಿಯ ಗೆರೆಗಳನ್ನು ಎಳೆದವರು ಡ್ರೈವರುಗಳಲ್ಲ. 1956, 1961, 1997, ಪ್ರತಿ ಸಲವೂ ಮೇಲಿನಿಂದ ಎಳೆದ ಗೆರೆ. ಆ ಗೆರೆ ದಾಟುವ ಸುಂಕವನ್ನು ಮಾತ್ರ ಒಬ್ಬೊಬ್ಬ ಡ್ರೈವರೇ ಕಟ್ಟುತ್ತಿದ್ದಾನೆ. ಊರಿನವರು ಬರಲೊಪ್ಪದ ಕರಾವಳಿಯ ಡಿಪೋವನ್ನು ಹತ್ತು ಹನ್ನೆರಡು ವರ್ಷ ನಡೆಸಿಕೊಟ್ಟದ್ದು ಸಾರ್ವಜನಿಕ ಹಿತ ಅಲ್ಲವಾ? ಅಷ್ಟು ವರ್ಷ ಮಾಡಿದವರಿಗೆ ಪೂರ್ತಿ ಅಲ್ಲದಿದ್ದರೂ ಅರ್ಧ ಹಿರಿತನವನ್ನಾದರೂ ಜೊತೆಗೆ ಒಯ್ಯಲು ಬಿಡಬಹುದು. ವರ್ಷಕ್ಕೆ ಇಷ್ಟೇ ಜನ ಅಂತ ಮಿತಿ ಇಟ್ಟರೆ ಬಾಗಲಕೋಟೆಯಲ್ಲಿ ಕಾದವರಿಗೂ ದೊಡ್ಡ ನಷ್ಟವಾಗದು. ಬಡ್ತಿಯಲ್ಲಿ ಇಂಥ ಲೆಕ್ಕ ಬೇಡ ಅಂದರೆ ಕಡೇ ಪಕ್ಷ ಶೆಡ್ಯೂಲ್ ಆರಿಸುವುದರಲ್ಲಾದರೂ ಹಳೆಯ ಸೇವೆಯನ್ನು ನೋಡಬಹುದು. ಅದಕ್ಕೆ ಪಟ್ಟಿಯಲ್ಲಿ ಒಂದು ಕಾಲಂ ಹೆಚ್ಚಿಗೆ ಬೇಕು, ಅಷ್ಟೇ. ಇದು ಕಷ್ಟದ ಪ್ರೋಗ್ರಾಂ ಅಲ್ಲ ಅಂತ ನಾನು ಬರೆದುಕೊಡಬಲ್ಲೆ.

ಇದರಲ್ಲಿ ತೊಡಕಿದೆ ಅಂತ ನಿಮಗೆ ಅನ್ನಿಸಿದರೆ ಹೇಳಿ. ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಯಾರಾದರೂ ಡಿಪೋದವರಿದ್ದರೆ ಅವರನ್ನು ಕೇಳಿ ನೋಡಿ, ಪಟ್ಟಿಯಲ್ಲಿ ಅವರ ನಂಬರ್ ಎಷ್ಟು ಅಂತ. ಥಟ್ಟನೆ ಹೇಳುತ್ತಾರೆ. ಮಗನ ಹುಟ್ಟಿದ ದಿನ ಮರೆತರೂ ಅದನ್ನು ಮರೆಯುವುದಿಲ್ಲ.