ಮೊಟ್ಸಾರ್ಟರ ಸಂಸಾರ ಕಡಲು ದಾಟಿದ್ದು

ದೇಶ ಸುತ್ತಬೇಕು, ಕೋಶ ಓದಬೇಕು ಎಂದ ನಮ್ಮ ಹಿರಿಯರು, ಸುತ್ತುವಾಗ ಮಕ್ಕಳನ್ನು ಏನು ಮಾಡಬೇಕೆಂಬುದನ್ನು ಹೇಳಲಿಲ್ಲ. ಬೇಸಿಗೆಯ ರಜೆ ಹತ್ತಿರವಾದಂತೆ ಈಗ ಮಧ್ಯಮ ವರ್ಗದ ಮನೆಗಳಲ್ಲಿಯೂ ಕಡಲಾಚೆಯ ಪ್ರವಾಸದ ಮಾತು ಏಳುವುದುಂಟು. ಯಾವ ಊರಿಗೆ ಎಷ್ಟು ದಿನ, ಯಾವುದನ್ನು ಬಿಡುವುದು ಎಂದು ಅಪ್ಪ ಪಟ್ಟಿ ಹಾಕುತ್ತಾನೆ. ಅಮ್ಮ ಖರ್ಚಿನ ಲೆಕ್ಕ ನೋಡುತ್ತಾಳೆ. ಹನ್ನೊಂದು ಹನ್ನೆರಡರ ಮಕ್ಕಳಾದರೋ ಎತ್ತಿಕೊಂಡು ನಡೆಯುವಷ್ಟು ಚಿಕ್ಕವರಲ್ಲ, ಅವರ ಪಾಡಿಗೆ ಬಿಡುವಷ್ಟು ದೊಡ್ಡವರೂ ಅಲ್ಲ. ಅವರನ್ನು ಯಾರೂ ಕೇಳುವುದಿಲ್ಲ. ಈ ತೊಡಕು ಹೊಸದೇನೂ ಅಲ್ಲ. 260 ವರ್ಷಗಳ ಹಿಂದೆ ಇದರಲ್ಲಿ ಸಿಕ್ಕಿಕೊಂಡ ಒಂದು ಸಂಸಾರದ ಕಥೆ, ತಂದೆ ಬರೆದ ಕಾಗದಗಳಲ್ಲಿಯೂ ಮಗಳ ಪುಟ್ಟ ಟಿಪ್ಪಣಿಗಳಲ್ಲಿಯೂ ಉಳಿದುಬಂದಿದೆ.

1763ರ ಜೂನ್ 9ರಂದು ಸಾಲ್ಜ್‌ಬರ್ಗ್ ಪಟ್ಟಣದಿಂದ ಒಂದು ಕುದುರೆಗಾಡಿ ಹೊರಟಿತು. ಅದರಲ್ಲಿದ್ದವರು ಆರ್ಚ್‌ಬಿಷಪ್ಪರ ಆಸ್ಥಾನದ ಸಂಗೀತಗಾರ ಲಿಯೊಪೋಲ್ಡ್ ಮೊಟ್ಸಾರ್ಟ್, ಅವನ ಹೆಂಡತಿ ಅನ್ನಾ ಮರಿಯಾ, ಇನ್ನೇನು ಹನ್ನೆರಡು ತುಂಬಲಿದ್ದ ಮಗಳು ನಾನೆರ್ಲ್, ಏಳು ವರ್ಷದ ಮಗ ವೋಲ್ಫ್‌ಗಾಂಗ್, ಜೊತೆಗೊಬ್ಬ ಆಳು. ಮಕ್ಕಳಿಬ್ಬರೂ ಕ್ಲೇವಿಯರ್ ನುಡಿಸುವುದರಲ್ಲಿ ಅಸಾಧಾರಣರು. ಅವರ ವಿದ್ಯೆಯನ್ನು ಯೂರೋಪಿನ ಅರಸರಿಗೆಲ್ಲ ತೋರಿಸಬೇಕೆಂಬುದು ತಂದೆಯ ಹಂಬಲ.

ಲಿಯೊಪೋಲ್ಡನ ದಾರಿಪಟ್ಟಿ ಬುದ್ಧಿವಂತನ ಪಟ್ಟಿ. ಬೇಸಿಗೆಯಲ್ಲಿ ದೊರೆಗಳು ರಾಜಧಾನಿಯನ್ನು ಬಿಟ್ಟು ತಂಗುಮನೆಗಳಲ್ಲಿರುವರಷ್ಟೆ. ಆದುದರಿಂದ ಮ್ಯೂನಿಕ್ಕಿನ ಬಳಿಯ ನಿಂಫೆನ್‌ಬರ್ಗ್, ಅನಂತರ ಶ್ವೆಟ್ಸಿಂಗೆನ್ ಎಂಬ ಬೇಸಿಗೆಯ ಅರಮನೆಗಳು ಮೊದಲ ಹಂತದಲ್ಲಿಯೇ ಸೇರಿದವು. ಹಣದ ಏರ್ಪಾಡಿಗೆ ಮನೆಯ ಮಾಲಿಕನೂ ವರ್ತಕನೂ ಆಗಿದ್ದ ಹಾಗೆನೌಅರನ ವ್ಯಾಪಾರದ ನಂಟು ಒದಗಿತು. ಆದರೆ ಪಟ್ಟಿ ಬರೆದವನೊಬ್ಬ, ದಾರಿ ನಡೆಸುವವನು ಇನ್ನೊಬ್ಬ! ಮ್ಯೂನಿಕ್ ಮುಟ್ಟುವ ಮೊದಲೇ ವಾಸ್ಸರ್‌ಬರ್ಗಿನ ಹತ್ತಿರ ಗಾಡಿಯ ಚಕ್ರ ಮುರಿಯಿತು. ರಿಪೇರಿಗಾಗಿ ಕಾಯುತ್ತಿದ್ದಾಗ ತಂದೆ ಹೊತ್ತು ಕಳೆಯಲೆಂದು ಮಗನನ್ನು ಚರ್ಚಿನ ಆರ್ಗನ್ನಿನ ಬಳಿಗೆ ಕರೆದೊಯ್ದ. ಕಾಲಿನಿಂದ ಒತ್ತುವ ಮಣೆಗಳನ್ನು ನುಡಿಸುವುದನ್ನು ಹುಡುಗ ಅಲ್ಲಿಯೇ ಕಲಿತ. ಇತ್ತ ಪಟ್ಟಿಯಲ್ಲಿದ್ದ ವ್ಯೂರ್ಟೆಂಬರ್ಗಿನ ಡ್ಯೂಕನ ದರ್ಶನವೇ ಆಗಲಿಲ್ಲ. ಬ್ರಸೆಲ್ಸಿನಲ್ಲಿ ರಾಜಕುಮಾರನ ಅಪ್ಪಣೆಗಾಗಿ ವಾರಗಟ್ಟಲೆ ಕಾಯಬೇಕಾಯಿತು. ಪ್ಯಾರಿಸ್ ಸೇರುವಾಗ ನವೆಂಬರ್ 18.

ಕಡಲಾಚೆಯ ಇಂಗ್ಲೆಂಡಿನ ಬಗೆಗೆ ಹೊರಡುವಾಗ ಲಿಯೊಪೋಲ್ಡನಿಗೆ ಅರೆಮನಸ್ಸು. ಪ್ಯಾರಿಸಿನವರ ಒತ್ತಾಯದಿಂದಲೇ ಅದು ನಿಶ್ಚಯವಾಯಿತು. 1764ರ ಏಪ್ರಿಲಿನಲ್ಲಿ ಸಂಸಾರ ಕ್ಯಾಲೆಯಿಂದ ಡೋವರಿಗೆ ಹಡಗು ಹತ್ತಿತು; ಸಮುದ್ರ ಎಲ್ಲರ ಹೊಟ್ಟೆಯನ್ನೂ ತೊಳಸಿತು. ಲಂಡನ್ ಸೇರಿದ ನಾಲ್ಕೇ ದಿನದಲ್ಲಿ, ಏಪ್ರಿಲ್ 27ರಂದು, ಮಕ್ಕಳು ಮೂರನೆಯ ಜಾರ್ಜ್ ದೊರೆಯ ಮುಂದೆ ನುಡಿಸಿದರು. ಆದರೆ ಆ ಬೇಸಿಗೆಯಲ್ಲಿ ತಂದೆಯೇ ಹಾಸಿಗೆ ಹಿಡಿದ. ಗಾಳಿ ಬದಲಾವಣೆಗೆಂದು ಚೆಲ್ಸೀ ಹಳ್ಳಿಗೆ ಹೋದರು. ರೋಗಿಯ ನಿದ್ದೆ ಕೆಡಬಾರದೆಂದು ವಾದ್ಯವನ್ನು ಮುಟ್ಟುವಂತಿಲ್ಲ, ಕಚೇರಿಯೂ ಇಲ್ಲ. ಈ ಬಿಡುವಿನಲ್ಲಿ ಎಂಟು ವರ್ಷದ ಹುಡುಗ ತನ್ನ ಮೊದಲ ಸಿಂಫನಿಯನ್ನು ಬರೆದ. ಪಕ್ಕದಲ್ಲಿ ಕುಳಿತಿದ್ದ ಅಕ್ಕನಿಗೆ, ಕೊಂಬಿನ ವಾದ್ಯಕ್ಕೆ ಒಳ್ಳೆಯ ಕೆಲಸ ಕೊಡುವುದನ್ನು ನೆನಪಿಸು ಎಂದಿದ್ದನಂತೆ. ಅವಳೇ ಮುಂದೆ ಇದನ್ನು ನೆನೆದಿದ್ದಾಳೆ.

ತಂದೆಯ ಕಾಗದಗಳ ತುಂಬ ಗಳಿಕೆ, ಖರ್ಚು, ದೊಡ್ಡವರ ಹೆಸರು. ಮಗಳ ಟಿಪ್ಪಣಿಯಲ್ಲಿ ಬೇರೆಯೇ ಒಂದು ಪ್ರವಾಸವಿದೆ. ಕ್ಯಾಲೆಯಲ್ಲಿ ಕಡಲು ಹಿಂದಕ್ಕೆ ಓಡಿ ಮತ್ತೆ ಬರುವುದನ್ನು ಅವಳು ಬರೆದಿಟ್ಟಳು. ಲಂಡನ್ನಿನಲ್ಲಿ ಆನೆಯನ್ನು ಕಂಡಳು. ಬಿಳಿಯ ಮತ್ತು ಕಾಫಿ ಬಣ್ಣದ ಪಟ್ಟೆಗಳ ಒಂದು ಕತ್ತೆಯನ್ನೂ ಕಂಡಳು. ಅದು ಜೀಬ್ರಾ ಎಂದು ವಾಚಕರಿಗೆ ಬೇರೆ ಹೇಳಬೇಕಾಗಿಲ್ಲ. ಅಪ್ಪನ ಪಟ್ಟಿಯಲ್ಲಿ ಈ ಕತ್ತೆ ಇರಲಿಲ್ಲ.

1765ರ ಬೇಸಿಗೆಯಲ್ಲಿ ಮರಳುವ ದಾರಿ ಹಿಡಿದಾಗ, ಡಚ್ ರಾಯಭಾರಿ ಕ್ಯಾಂಟರ್ಬರಿಯ ತನಕ ಬೆನ್ನು ಹತ್ತಿ ಬಂದು ಹೇಗ್ ನಗರಕ್ಕೆ ಕರೆದ. ರಾಜಕುಮಾರಿಗೆ ಮಕ್ಕಳನ್ನು ಕೇಳುವ ಆಸೆಯೆಂದ. ಲಿಯೊಪೋಲ್ಡ್ ಒಪ್ಪಿದ. ಹೇಗ್ ಸೇರಿದೊಡನೆ ನಾನೆರ್ಲ್ ಜ್ವರಕ್ಕೆ ಬಿದ್ದಳು. ಅಕ್ಟೋಬರಿನಲ್ಲಿ, ಇನ್ನು ಉಳಿಯಳೆಂದು ಪಾದ್ರಿಯನ್ನು ಕರೆಸಿ ಅಂತ್ಯಸಂಸ್ಕಾರದ ವಿಧಿಯನ್ನೂ ಮಾಡಿಸಿದರು. ಅವಳು ಚೇತರಿಸಿಕೊಳ್ಳುತ್ತಿದ್ದಂತೆ ತಮ್ಮ ಮಲಗಿದ. ಇಬ್ಬರೂ ಬದುಕಿದ್ದು ಭಾಗ್ಯ. ಸಂಸಾರ ಮನೆ ಸೇರಿದ್ದು 1766ರ ನವೆಂಬರ್ 29ರಂದು. ಹೊರಟು ಸುಮಾರು ಮೂರೂವರೆ ವರ್ಷದ ಮೇಲೆ.

ಲಿಯೊಪೋಲ್ಡನನ್ನು ಹಣದಾಸೆಯವನೆಂದು ಜರೆಯುವುದು ಸುಲಭ, ಆದರೆ ನ್ಯಾಯವಲ್ಲ. ಮಕ್ಕಳ ಹಾಸಿಗೆಯ ಬಳಿ ಸರದಿಯಂತೆ ಎಚ್ಚರವಿದ್ದವರು ಆ ತಂದೆ ತಾಯಿಯರೇ. ತಪ್ಪು ಪ್ರೀತಿಯಲ್ಲಿರಲಿಲ್ಲ, ಪಟ್ಟಿಯಲ್ಲಿತ್ತು. ಪ್ರತಿಯೊಂದು ಊರನ್ನೂ ಅಲ್ಲಿ ಮಕ್ಕಳನ್ನು ಯಾರು ನೋಡುವರೆಂದು ಆರಿಸಲಾಯಿತೇ ಹೊರತು, ಮಕ್ಕಳು ಏನನ್ನು ನೋಡುವರೆಂದಲ್ಲ. 1769ರ ಡಿಸೆಂಬರಿನಲ್ಲಿ ತಂದೆ ಇಟಲಿಗೆ ಹೊರಟಾಗ ಗಾಡಿಯಲ್ಲಿ ಮಗನಿಗೆ ಮಾತ್ರ ಜಾಗವಿತ್ತು. ಹದಿನೆಂಟರ ನಾನೆರ್ಲ್ ತಾಯಿಯೊಡನೆ ಮನೆಯಲ್ಲಿ ಉಳಿದಳು. ಅವಳು ಕಡಲನ್ನು ಕಂಡದ್ದು ಆ ಬಾಲ್ಯದ ಪ್ರವಾಸದಲ್ಲಿಯೇ.

ನಮ್ಮವರ ಪ್ರವಾಸ ಮೂರೂವರೆ ವರ್ಷದ್ದಲ್ಲ, ಹತ್ತೋ ಹದಿನೈದೋ ದಿನದ್ದು. ಹತ್ತು ದಿನದಲ್ಲಿ ಐದು ದೇಶ ತೋರಿಸುತ್ತೇವೆನ್ನುವ ಅಪ್ಪಂದಿರು ಲಿಯೊಪೋಲ್ಡನ ವಂಶದವರೇ. ಎರಡು ಊರು ಸಾಲದೆ? ಚಕ್ರ ಮುರಿದಾಗ ಆರ್ಗನ್ ಕಲಿಯಲು, ವಾದ್ಯ ಮುಚ್ಚಿದಾಗ ಸಿಂಫನಿ ಬರೆಯಲು ಒದಗಿದಂಥ ಬರಿಯ ದಿನವೊಂದನ್ನು ಪಟ್ಟಿಯಲ್ಲಿ ಬಿಡಬಾರದೆ? ಹೊರಡುವ ಮುನ್ನ ಮಗಳ ಕೈಗೆ ಒಂದು ನೋಟುಪುಸ್ತಕ ಕೊಡಿ. ಮರಳಿ ಬಂದ ಮೇಲೆ ಅವಳು ಬರೆದುದನ್ನು ಓದಿ. ನೀವು ಕಾಣದೆ ಹೋದ ಪಟ್ಟೆಯ ಕತ್ತೆ ಅದರಲ್ಲಿ ಸಿಕ್ಕೀತು.